ಹಗ್ಗದ ಕರಡಿ, ಗುಡ್ಡದ ಕರಡಿ

ಹಳೆಯ ಹುನಗುಂದ ತಾಲ್ಲೂಕಿನಲ್ಲಿ ಕರಡಿ ಎಂಬ ಹೆಸರಿನ ಊರೇ ಇದೆ. ಅದೇ ಅಡ್ಡಹೆಸರಿನ ಮನೆತನಗಳೂ ಈ ಸೀಮೆಗೆ ಹೊಸವಲ್ಲ. ಊರಿನ ಹೆಸರು ಪ್ರಾಣಿಯಿಂದಲೇ ಬಂತೆಂದು ಇಷ್ಟರಿಂದ ಹೇಳಲಾಗದು. ಬಾಗಲಕೋಟೆ, ಬಾದಾಮಿ, ಇಳಕಲ್ಲಿನ ಹಿರಿಯರಿಗೆ ಪರಿಚಯವಿದ್ದ ಕರಡಿಯಂತೂ ಹೆಚ್ಚಾಗಿ ಗುಡ್ಡದ್ದಲ್ಲ, ಹಗ್ಗದ್ದು.

ಕಲಂದರರು ಡಮರು ಬಾರಿಸುತ್ತ ಕರಡಿಯನ್ನು ಕರೆತಂದರೆ, ಅಂಜುವ ಮಕ್ಕಳನ್ನು ಅದರ ಬೆನ್ನ ಮೇಲೆ ಕೂರಿಸಿ, ಕೂದಲನ್ನು ತಾಯಿತದಲ್ಲಿಟ್ಟು ಕಟ್ಟಿಸುತ್ತಿದ್ದರು. ಆ ಕರಡಿ ಸಾಧುವಾಗಿ ಕಂಡದ್ದಕ್ಕೆ ಕಾರಣ ಬೇರೆ. ಮರಿಯಿದ್ದಾಗಲೇ ಅದರ ಮೂತಿ ಚುಚ್ಚಿ ಹಗ್ಗ ಪೋಣಿಸಿ, ಹಲ್ಲು ಕಿತ್ತಿರುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರವೂ ಕುಣಿತ ದಶಕಗಳ ಕಾಲ ನಡೆಯಿತು. ಬೀದಿಯ ಕರಡಿಗಳಲ್ಲಿ ಕೊನೆಯದೆಂದು ಹೇಳಲಾದ ರಾಜು, ಬನ್ನೇರುಘಟ್ಟದ ಆರೈಕೆ ಕೇಂದ್ರ ಸೇರಿದ್ದು 2009ರಲ್ಲಿ. ಕಲಂದರರಿಗೂ ಅದು ಹೊಟ್ಟೆಪಾಡಾಗಿತ್ತು ಎಂಬುದನ್ನು ಮರೆಯುವಂತಿಲ್ಲ.

ಗುಡ್ಡದ ಕರಡಿಯ ಸ್ವಭಾವವೇ ಬೇರೆ. ಇಳಕಲ್ಲಿನಿಂದ ಕುಷ್ಟಗಿ ದಾಟಿ ಹೊಸಪೇಟೆಯತ್ತ ಹೋದರೆ ಅದರ ಸೀಮೆ ಸಿಗುತ್ತದೆ. ಕಿಷ್ಕಿಂಧೆಯೆಂದು ಜನ ನಂಬಿದ, ಜಾಂಬವಂತನ ಕಥೆಗೂ ಸಂಬಂಧವಿರುವ ನೆಲ ಅದು. ಹಂಪಿಗೆ ಹತ್ತಿರದ ದರೋಜಿಯಲ್ಲಿ 1994ರಲ್ಲಿ ಕರಡಿಧಾಮವಾಯಿತು. ಹಂಪಿ, ಅಂಜನಾದ್ರಿಗೆ ಹೋಗುವ ನಮ್ಮ ಕಡೆಯವರು ಬಂಡೆಗುಡ್ಡಗಳಲ್ಲಿ ಅಲೆಯುವಾಗ ತಾಯಿತದ ಕರಡಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಕಷ್ಟ.

ಹುಲಿಯಿದ್ದ ಕಾಡಿನಲ್ಲಿ ಬದುಕಿ ಬಂದ ಈ ಜಾತಿಗೆ ಓಡುವುದಕ್ಕಿಂತ ಎದುರುಬೀಳುವುದೇ ರೂಢಿ. ಮೂಗು ಚುರುಕು, ಕಣ್ಣು ಮಂದ. ಹುತ್ತದೊಳಗೆ ಮೂತಿ ತೂರಿಸಿ ಗೆದ್ದಲು ಹೀರುತ್ತಿರುವಾಗ ಮನುಷ್ಯ ಹತ್ತಿರ ಬಂದದ್ದು ಅದಕ್ಕೆ ತಿಳಿಯುವುದೇ ಇಲ್ಲ. ತಿಳಿದೊಡನೆ ಗಾಬರಿಗೊಂಡು ಮುಖಕ್ಕೇ ಪಂಜ ಹಾಕುತ್ತದೆ. ಆದ್ದರಿಂದ ಸದ್ದಿಲ್ಲದೆ ನಡೆಯುವುದೇ ಅಪಾಯ. ನಾಲ್ಕು ಜನ ಕೂಡಿ, ಗಟ್ಟಿಯಾಗಿ ಮಾತಾಡುತ್ತ ಹೋಗಬೇಕು. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಗುಡ್ಡ ಹತ್ತಬಾರದು. ಹಗಲಲ್ಲಿ ಅದು ಮಲಗುವ ಗವಿಗಳಲ್ಲಿ ಇಣುಕಬಾರದು. ದೂರದಲ್ಲಿ ಕಂಡರೆ ಓಡದೆ, ಬಂದ ದಾರಿಯಲ್ಲೇ ಮೆಲ್ಲಗೆ ಹಿಂದೆ ಸರಿಯಬೇಕು. ಮೈಮೇಲೆ ಬಿದ್ದರೆ ಬೋರಲಾಗಿ ಮಲಗಿ ಮುಖ, ಕುತ್ತಿಗೆಯನ್ನು ಮುಚ್ಚಿಕೊಳ್ಳುವುದೊಂದೇ ದಾರಿ. ಇಬ್ಬರು ಗೆಳೆಯರ ಹಳೆಯ ನೀತಿಕಥೆಯಲ್ಲಿ ಮರ ಹತ್ತಿದವನು ಬದುಕಿಕೊಂಡ. ನಮ್ಮ ಕರಡಿಯಾದರೋ ಜೇನಿಗಾಗಿ ಮರ ಹತ್ತುವಂಥದು!

ನೋಡಲೇಬೇಕೆಂದವರಿಗೆ ದರೋಜಿಯ ವೀಕ್ಷಣಾ ಗೋಪುರವಿದೆ. ಬಿಸಿಲು ಇಳಿದ ಮೇಲೆ ಕರಡಿಗಳು ಎದುರಿನ ಬಂಡೆಗಳಿಗೆ ಬರುತ್ತವೆ. ಕೆಲವೊಮ್ಮೆ ತಾಯಿಯ ಬೆನ್ನ ಮೇಲೆ ಅದರದೇ ಮರಿ ಕುಳಿತಿರುತ್ತದೆ.