ಸಮುದಾಯ ಬಾನುಲಿ ಕೇಂದ್ರಕ್ಕೆ ಪರವಾನಗಿ: ಭಕ್ತರೂ ಸಂಘ-ಸಂಸ್ಥೆಗಳೂ ತಿಳಿಯಬೇಕಾದ ಸಂಗತಿಗಳು

ತಮ್ಮ ಊರಿನಲ್ಲಿ ಒಂದು ಚಿಕ್ಕ ಬಾನುಲಿ ಕೇಂದ್ರವನ್ನು ತೆರೆಯಬೇಕು, ಅದರ ಮೂಲಕ ಶರಣರ ವಚನಗಳು ಮನೆಮನೆಗೆ ತಲುಪಬೇಕು ಎಂಬ ಅಪೇಕ್ಷೆಯನ್ನು ಅನೇಕ ಸದ್ಭಕ್ತರು ಶ್ರೀಮಠದಲ್ಲಿ ನಿವೇದಿಸಿಕೊಳ್ಳುವುದುಂಟು. ಕೆಲವರು ಜಾಹೀರಾತಿನ ಆದಾಯದಿಂದ ನಡೆಯುವ ಕೇಂದ್ರವನ್ನು ಕಲ್ಪಿಸಿಕೊಂಡಿರುತ್ತಾರೆ, ಇನ್ನು ಕೆಲವರು ಕೇವಲ ಸೇವಾರ್ಥವಾಗಿ ನಡೆಯುವುದನ್ನು. ಅಪೇಕ್ಷೆ ಸ್ತುತ್ಯವಾದುದು. ಆದರೆ ನಮ್ಮ ದೇಶದಲ್ಲಿ ಬಾನುಲಿ ಪ್ರಸಾರಕ್ಕೆ ಇರುವ ಕಾನೂನಿನ ದಾರಿಗಳಾವುವು, ಮಠ ಅಥವಾ ಟ್ರಸ್ಟ್ ಯಾವ ದಾರಿಯನ್ನು ಹಿಡಿಯಬಹುದು, ಹಿಡಿದ ಮೇಲೆ ಯಾವ ಕಟ್ಟುಪಾಡುಗಳಿಗೆ ಒಳಗಾಗಬೇಕು ಎಂಬುದನ್ನು ತಿಳಿಯದೆ ಮುಂದಡಿಯಿಟ್ಟರೆ ಶ್ರಮವೂ ಹಣವೂ ವ್ಯರ್ಥವಾಗುತ್ತವೆ. ಆ ಕಾರಣದಿಂದ ಈ ಲೇಖನ.

ಕನ್ನಡ ನಾಡಿನಲ್ಲಿ ಬಾನುಲಿ ಆರಂಭವಾದದ್ದೇ ಸಣ್ಣ ಪ್ರಮಾಣದಲ್ಲಿ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಾದ ‘ವಿಠ್ಠಲ ವಿಹಾರ’ದಿಂದಲೇ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ಕೇಂದ್ರದ್ದು. ದೇಶದ ಸರ್ಕಾರಿ ಬಾನುಲಿ ಅದನ್ನು ಅನಂತರ ತನ್ನದಾಗಿಸಿಕೊಂಡಿತು. ಒಬ್ಬ ವ್ಯಕ್ತಿ ಸ್ವಂತ ಖರ್ಚಿನಲ್ಲಿ ಹಾಗೆ ಪ್ರಸಾರ ಮಾಡುವುದು ಇಂದು ಸಾಧ್ಯವಿಲ್ಲ. ಪರವಾನಗಿಯಿಲ್ಲದೆ ಪ್ರಸಾರ ಮಾಡುವುದು ಅಪರಾಧ. ಬಿಹಾರದ ವೈಶಾಲಿ ಜಿಲ್ಲೆಯ ಮನ್ಸೂರ್‌ಪುರದಲ್ಲಿ ರೇಡಿಯೋ ರಿಪೇರಿಯ ಯುವಕನೊಬ್ಬ ಕೈಯಾರೆ ಜೋಡಿಸಿದ ಪುಟ್ಟ ಟ್ರಾನ್ಸ್‌ಮಿಟರಿನಿಂದ ಸುತ್ತಲ ಹಳ್ಳಿಗಳಿಗೆ ಹಾಡು, ಆರೋಗ್ಯದ ತಿಳಿವಳಿಕೆ ನೀಡುತ್ತಿದ್ದನು. ಅದು ಜನಪ್ರಿಯವಾಗಿದ್ದರೂ 2006ರಲ್ಲಿ ಅಧಿಕಾರಿಗಳು ಅದನ್ನು ಮುಚ್ಚಿಸಿದರು. ಉದ್ದೇಶ ಒಳ್ಳೆಯದೆಂಬುದು ಕಾನೂನಿನ ಮುಂದೆ ಸಮಾಧಾನವಾಗುವುದಿಲ್ಲ.

ಖಾಸಗಿಯವರಿಗೆ ಇಂದು ತೆರೆದಿರುವ ದಾರಿಗಳು ಎರಡು. ಮೊದಲನೆಯದು ವಾಣಿಜ್ಯ ಎಫ್‌ಎಂ. 2001ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ರೇಡಿಯೋ ಸಿಟಿ ಆರಂಭವಾದಾಗ ದೇಶದಲ್ಲಿ ಈ ಬಗೆಯ ಪ್ರಸಾರ ಮೊದಲಾಯಿತು. ಇದಕ್ಕೆ ಪರವಾನಗಿಯನ್ನು ಅರ್ಜಿಯ ಮೇಲೆ ಕೊಡುವುದಿಲ್ಲ, ನಗರವಾರು ಹರಾಜು ಹಾಕುತ್ತಾರೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟವು 234 ಹೊಸ ನಗರಗಳಲ್ಲಿ 730 ವಾಹಿನಿಗಳ ಹರಾಜಿಗೆ ಒಪ್ಪಿಗೆ ನೀಡಿತು. ಅವುಗಳ ಒಟ್ಟು ಮೀಸಲು ಬೆಲೆ 784.87 ಕೋಟಿ ರೂಪಾಯಿ. ಗೆದ್ದವರು ವರ್ಷಂಪ್ರತಿ ಒಟ್ಟು ಆದಾಯದ ಶೇ. 4ರಷ್ಟನ್ನು ಶುಲ್ಕವಾಗಿ ತೆರಬೇಕು. ಹೋಬಳಿ ಮಟ್ಟದ ಚಿಕ್ಕ ವಾಣಿಜ್ಯ ಕೇಂದ್ರಕ್ಕೆಂದು ಬೇರೆ ಪರವಾನಗಿ ನಮ್ಮಲ್ಲಿಲ್ಲ. ಆದಕಾರಣ ಸ್ಥಳೀಯವಾಗಿ, ಅಲ್ಪ ಶಕ್ತಿಯಲ್ಲಿ, ಮಿತವಾದ ಜಾಹೀರಾತಿನೊಡನೆ ಪ್ರಸಾರ ಮಾಡಬಯಸುವವರಿಗೆ ಉಳಿಯುವುದು ಎರಡನೆಯ ದಾರಿ ಒಂದೇ. ಅದು ಸಮುದಾಯ ಬಾನುಲಿ.

ಈ ದಾರಿ ತೆರೆದದ್ದು ಸುಲಭವಾಗಿಯೇನೂ ಅಲ್ಲ. ವಾಯುತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸರ್ವೋಚ್ಚ ನ್ಯಾಯಾಲಯವು 1995ರ ಫೆಬ್ರವರಿಯಲ್ಲಿ ತೀರ್ಪಿತ್ತಿತು. ಮರುವರ್ಷ ಬೆಂಗಳೂರಿನಲ್ಲಿ ಸೇರಿದ ಪ್ರಸಾರ ಕ್ಷೇತ್ರದ ಚಿಂತಕರು ಸಮುದಾಯ ಬಾನುಲಿಗೆ ಅವಕಾಶ ಬೇಕೆಂಬ ಘೋಷಣೆಯನ್ನು ಹೊರಡಿಸಿದರು. ಸರ್ಕಾರ 2002ರ ಕೊನೆಯಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಬಾಗಿಲು ತೆರೆಯಿತು. ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ಕೇಂದ್ರವು 2004ರ ಫೆಬ್ರವರಿ 1ರಂದು ಮೊದಲಿಗೆ ಪ್ರಸಾರ ಆರಂಭಿಸಿತು. ಸ್ವಯಂಸೇವಾ ಸಂಸ್ಥೆಗಳಿಗೆ ಅವಕಾಶ ದೊರೆತದ್ದು 2006ರ ಮಾರ್ಗಸೂಚಿಯಿಂದ. ನಮ್ಮ ಗಡಿಗೆ ಹೊಂದಿಕೊಂಡಂತಿರುವ ಜಹೀರಾಬಾದ್ ಸೀಮೆಯ ದಲಿತ ಮಹಿಳೆಯರು ನಡೆಸುವ ಸಂಘಂ ರೇಡಿಯೋ 2008ರ ಅಕ್ಟೋಬರ್‌ನಲ್ಲಿ ಆರಂಭವಾಯಿತು; ಸ್ವಯಂಸೇವಾ ಸಂಸ್ಥೆಯೊಂದರ ಪರವಾನಗಿಯಲ್ಲಿ ನಡೆದ ಮೊದಲ ಕೇಂದ್ರ ಅದೇ. ಅನುಭವ ಮಂಟಪದಲ್ಲಿ ಕಾಯಕಜೀವಿಗಳೂ ಸ್ತ್ರೀಯರೂ ಸಮಾನರಾಗಿ ಮಾತನಾಡಿದ ಪರಂಪರೆಯ ನಮಗೆ ಇದು ಗಮನಿಸಬೇಕಾದ ಸಂಗತಿ.

ಇನ್ನು ಅರ್ಹತೆಯ ವಿಚಾರ. ಅರ್ಜಿ ಸಲ್ಲಿಸುವ ಸಂಸ್ಥೆಯು ಲಾಭದ ಉದ್ದೇಶವಿಲ್ಲದ, ಕಾನೂನುರೀತ್ಯ ನೋಂದಾಯಿತವಾದ ಸೊಸೈಟಿ, ಸಾರ್ವಜನಿಕ ಟ್ರಸ್ಟ್, ಶಿಕ್ಷಣ ಸಂಸ್ಥೆ ಅಥವಾ ಕೃಷಿ ವಿಜ್ಞಾನ ಕೇಂದ್ರದಂತಹ ಸಂಸ್ಥೆಯಾಗಿರಬೇಕು. ಟ್ರಸ್ಟ್ ಅಥವಾ ಸಂಘವಾದರೆ ಸ್ಥಳೀಯ ಸಮುದಾಯಕ್ಕೆ ಕನಿಷ್ಠ ಮೂರು ವರ್ಷ ಸೇವೆ ಸಲ್ಲಿಸಿದ ದಾಖಲೆ ಇರಬೇಕು. ಆದುದರಿಂದ ಬಾನುಲಿಗೆಂದೇ ಇಂದು ಹೊಸ ಟ್ರಸ್ಟ್ ನೋಂದಾಯಿಸಿ ನಾಳೆ ಅರ್ಜಿ ಹಾಕುವುದು ಆಗದ ಮಾತು. ವ್ಯಕ್ತಿಗಳು, ರಾಜಕೀಯ ಪಕ್ಷಗಳು ಮತ್ತು ಅವುಗಳ ಅಂಗಸಂಸ್ಥೆಗಳು, ಲಾಭಕ್ಕಾಗಿ ನಡೆಯುವ ಸಂಸ್ಥೆಗಳು, ನಿಷೇಧಿತ ಸಂಘಟನೆಗಳು ಅನರ್ಹ.

ಈ ಅನರ್ಹರ ಪಟ್ಟಿಯಲ್ಲಿ ಧಾರ್ಮಿಕ ಸಂಸ್ಥೆ ಎಂಬ ಮಾತಿಲ್ಲದಿರುವುದನ್ನು ಕಂಡು ಮಠದ ಹೆಸರಿನಲ್ಲೇ ಅರ್ಜಿ ಸಲ್ಲಿಸೋಣ ಎಂದು ಉತ್ಸಾಹಪಡುವವರಿದ್ದಾರೆ. ಇಲ್ಲಿ ಸ್ವಲ್ಪ ನಿಧಾನಿಸುವುದು ಒಳಿತು. ಸಂಸ್ಥೆಯ ಮಾಲೀಕತ್ವವೂ ಆಡಳಿತವೂ ತಾನು ಸೇವೆ ಸಲ್ಲಿಸುವ ಸಮುದಾಯವನ್ನು ಪ್ರತಿಬಿಂಬಿಸಬೇಕು ಎಂಬುದು ಮಾರ್ಗಸೂಚಿಯ ಮೂಲತತ್ತ್ವ. ಸಮುದಾಯವೆಂದರೆ ಇಲ್ಲಿ ಜಾತಿಯಲ್ಲ, ಪಂಥವಲ್ಲ; ಪ್ರಸಾರ ತಲುಪುವ ಪ್ರದೇಶದ ಸಮಸ್ತ ಜನ. ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಇರುವ ಎಲ್ಲ ಕೇರಿಗಳೂ, ಎಲ್ಲ ಮತಗಳವರೂ ಅದರಲ್ಲಿ ಸೇರುತ್ತಾರೆ. ಶಾಲಾ-ಕಾಲೇಜು, ಆಸ್ಪತ್ರೆ, ಪ್ರಸಾದ ನಿಲಯಗಳನ್ನು ನಡೆಸುತ್ತ ಬಂದಿರುವ ವಿದ್ಯಾಸಂಸ್ಥೆಯ ಹೆಸರಿನಲ್ಲಿ ಅರ್ಜಿ ಸಲ್ಲಿಸುವುದು ಸೂಕ್ತವೆಂಬುದು ನಮ್ಮ ಅಭಿಪ್ರಾಯ. ನಾಡಿನ ನಿದರ್ಶನಗಳೂ ಹಾಗೆಯೇ ಇವೆ. ಮೈಸೂರಿನ ಜೆಎಸ್‌ಎಸ್ ರೇಡಿಯೋ ಸುತ್ತೂರು ಶ್ರೀಮಠದ ವಿದ್ಯಾಸಂಸ್ಥೆಯ ಆಶ್ರಯದಲ್ಲಿದೆ, ಕಲಬುರಗಿಯ ಅಂತರವಾಣಿ ಶರಣಬಸವೇಶ್ವರ ವಿದ್ಯಾವರ್ಧಕ ಸಂಘದ ಆಶ್ರಯದಲ್ಲಿದೆ, ಬೆಳಗಾವಿಯ ವೇಣುಧ್ವನಿ ಕೆಎಲ್‌ಇ ಸಂಸ್ಥೆಯ ಆಶ್ರಯದಲ್ಲಿದೆ.

ಅರ್ಜಿಯನ್ನು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ ಆನ್‌ಲೈನ್ ಮೂಲಕ ಸಲ್ಲಿಸಬೇಕು. ನೋಂದಣಿ ಪತ್ರ, ನಿಯಮಾವಳಿ, ವಾರ್ಷಿಕ ವರದಿಗಳು, ಲೆಕ್ಕಪರಿಶೋಧಿತ ಆಯವ್ಯಯ ಪತ್ರಗಳು, ಪದಾಧಿಕಾರಿಗಳ ವಿವರ, ಗೋಪುರ ನಿಲ್ಲಿಸುವ ಸ್ಥಳದ ಅಕ್ಷಾಂಶ-ರೇಖಾಂಶ ಇವೆಲ್ಲ ಸಿದ್ಧವಿರಬೇಕು. ಸಾಮಾನ್ಯವಾಗಿ ಸಂಸ್ಥೆಗಳು ಎಡವುವುದು ಲೆಕ್ಕಪತ್ರಗಳಲ್ಲಿ. ದಾಸೋಹದ ಲೆಕ್ಕವನ್ನೂ ವಿದ್ಯಾಸಂಸ್ಥೆಯ ಲೆಕ್ಕವನ್ನೂ ಒಂದೇ ಪುಸ್ತಕದಲ್ಲಿ ಬರೆದಿಟ್ಟವರು ಮೊದಲು ಅದನ್ನು ಬೇರ್ಪಡಿಸಿಕೊಳ್ಳಲಿ. ಅರ್ಜಿ ಪರಿಶೀಲನೆಗೊಂಡು ಸಂಬಂಧಪಟ್ಟ ಸಚಿವಾಲಯಗಳ ಒಪ್ಪಿಗೆ ದೊರೆತ ಮೇಲೆ ಆಶಯಪತ್ರ ಕೈಸೇರುತ್ತದೆ. ಆಶಯಪತ್ರವೇ ಪರವಾನಗಿಯಲ್ಲ. ಅದನ್ನು ಹಿಡಿದು ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗದಿಂದ ತರಂಗಾಂತರವನ್ನೂ, ಗೋಪುರದ ಸ್ಥಳಕ್ಕೆ ಅನುಮೋದನೆಯನ್ನೂ ಪಡೆಯಬೇಕು. ಬಳಿಕ ಸಚಿವಾಲಯದೊಡನೆ ಅನುಮತಿ ಒಪ್ಪಂದಕ್ಕೆ ಸಹಿ ಹಾಕಿ, ಕೊನೆಗೆ ವೈರ್‌ಲೆಸ್ ಕಾರ್ಯಾಚರಣೆಯ ಲೈಸೆನ್ಸ್ ಪಡೆದ ನಂತರವೇ ಪ್ರಸಾರ. 2024ರ ಫೆಬ್ರವರಿಯಲ್ಲಿ ಪ್ರಕಟವಾದ ಪರಿಷ್ಕೃತ ಮಾರ್ಗಸೂಚಿಯಂತೆ ಆಶಯಪತ್ರಕ್ಕೆ ಒಂದು ವರ್ಷದ ಅವಧಿಯಿದೆ. ಅನಿರೀಕ್ಷಿತ ಅಡಚಣೆಗಳಿಗೆಂದು ಮೂರು ತಿಂಗಳ ಹೆಚ್ಚುವರಿ ಕಾಲಾವಕಾಶವೂ ಉಂಟು. ಒಪ್ಪಂದದ ಆರಂಭಿಕ ಅವಧಿ ಹತ್ತು ವರ್ಷ. ಹಿಂದೆ ಅದು ಐದೇ ವರ್ಷವಾಗಿತ್ತು. ಹಲವು ಜಿಲ್ಲೆಗಳಲ್ಲಿ ಸೇವಾನಿರತವಾಗಿರುವ ಸಂಸ್ಥೆ ಬೇರೆ ಬೇರೆ ಜಿಲ್ಲೆಗಳಲ್ಲಿ ಗರಿಷ್ಠ ಆರು ಕೇಂದ್ರಗಳನ್ನು ಹೊಂದಬಹುದು. ಪಡೆದ ಅನುಮತಿಯನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ.

ತಾಂತ್ರಿಕ ಮಿತಿಗಳು ಸರಳ. ಪ್ರಸಾರದ ಪರಿಣಾಮಕಾರಿ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್. ಆಂಟೆನಾ ನೆಲದಿಂದ 15 ಮೀಟರಿಗೆ ಕಡಿಮೆಯಿರಬಾರದು, 30 ಮೀಟರನ್ನು ಮೀರಬಾರದು. ಇದರಿಂದ ಐದರಿಂದ ಹತ್ತು ಕಿಲೋಮೀಟರ್ ವರೆಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಎಫ್‌ಎಂ ತರಂಗಗಳು ನೇರ ದೃಷ್ಟಿಯಂತೆ ಸಾಗುವುದರಿಂದ ವಿಜಯಪುರದ ಬಯಲಿನಲ್ಲಿ ದೊರೆಯುವ ವ್ಯಾಪ್ತಿ ಮಲೆನಾಡಿನ ಗುಡ್ಡಗಳ ನಡುವೆ ದೊರೆಯದು. ನಮ್ಮ ನಾಡಿನ ಹೆಚ್ಚಿನ ಸಮುದಾಯ ಕೇಂದ್ರಗಳು 90.4, 90.8, 91.2 ಮೆಗಾಹರ್ಟ್ಸ್‌ಗಳಲ್ಲೇ ಕೇಳಿಬರುವುದಕ್ಕೆ ಕಾರಣ, ದೂರದೂರದ ಊರುಗಳಿಗೆ ಅದೇ ತರಂಗಾಂತರವನ್ನು ಮತ್ತೆ ಹಂಚುವುದು.

ಪರವಾನಗಿ ದೊರೆತ ಮೇಲೆ ಏನನ್ನು ಪ್ರಸಾರ ಮಾಡಬೇಕು ಎಂಬುದೇ ಮಠ-ಸಂಸ್ಥೆಗಳಿಗೆ ನಿಜವಾದ ಪ್ರಶ್ನೆ. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯ ಜನರ ಪಾಲ್ಗೊಳ್ಳುವಿಕೆಯಿಂದ ರೂಪುಗೊಂಡಿರಬೇಕು. ಸ್ಥಳೀಯ ಭಾಷೆ, ಆಡುನುಡಿಗೆ ಆದ್ಯತೆಯಿರಬೇಕು. ಸಲಹಾ ಮತ್ತು ಕಾರ್ಯಕ್ರಮ ಸಮಿತಿಯಲ್ಲಿ ಅರ್ಧದಷ್ಟು ಸದಸ್ಯರು ಮಹಿಳೆಯರಾಗಿರಬೇಕೆಂದು 2024ರ ಮಾರ್ಗಸೂಚಿ ವಿಧಿಸಿದೆ. ಸ್ವಂತ ಸುದ್ದಿ ಪ್ರಸಾರ ಮತ್ತು ರಾಜಕೀಯ ವಿಶ್ಲೇಷಣೆಗೆ ಅವಕಾಶವಿಲ್ಲ. ಹವಾಮಾನ, ಪರೀಕ್ಷಾ ಫಲಿತಾಂಶ, ನೀರು-ವಿದ್ಯುತ್ತಿನ ವ್ಯತ್ಯಯ, ಜಾತ್ರೆ-ಉತ್ಸವಗಳ ಮಾಹಿತಿ, ನೆರೆ ಮುಂತಾದ ವಿಪತ್ತುಗಳ ಸೂಚನೆ ಸುದ್ದಿಯೆಂದು ಪರಿಗಣಿತವಾಗುವುದಿಲ್ಲ, ಅವುಗಳನ್ನು ತಿಳಿಸಬಹುದು.

ಧಾರ್ಮಿಕ ಕಾರ್ಯಕ್ರಮ ನಿಷಿದ್ಧವಲ್ಲ. ಆದರೆ ಜನರ ಧಾರ್ಮಿಕ ಭಾವನೆಯನ್ನು ದುರುಪಯೋಗಪಡಿಸಿಕೊಳ್ಳದಂತೆಯೂ, ಇನ್ನೊಂದು ಮತದವರ ನಂಬಿಕೆಗೆ ನೋವಾಗದಂತೆಯೂ ಎಚ್ಚರ ವಹಿಸಬೇಕೆಂಬುದು ಒಪ್ಪಂದದ ಷರತ್ತು. ಮೂಢನಂಬಿಕೆಯನ್ನು ಪ್ರೋತ್ಸಾಹಿಸುವ ಕಾರ್ಯಕ್ರಮಕ್ಕೆ ನಿಷೇಧವಿದೆ. ಶರಣಧರ್ಮದ ಅನುಯಾಯಿಗಳಿಗೆ ಈ ಷರತ್ತು ಹೊರೆಯಾಗಬಾರದು. ಆದಾಗ್ಯೂ ವಾಸ್ತವದಲ್ಲಿ ದಿನಭವಿಷ್ಯ, ತಾಯಿತ, ವಾಸ್ತು ಇತ್ಯಾದಿಗಳ ಜಾಹೀರಾತುದಾರರೇ ಮೊದಲು ಬಾಗಿಲು ತಟ್ಟುತ್ತಾರೆಂಬುದನ್ನು ನೆನಪಿಡಬೇಕು. ದಿನವಿಡೀ ಪ್ರವಚನವನ್ನೇ ಬಿತ್ತರಿಸುವ ಕೇಂದ್ರವೂ ಒಪ್ಪಂದದ ಆಶಯಕ್ಕೆ ಹೊರತಾದುದೇ. ಮುಂಜಾನೆ ಅರ್ಧ ಗಂಟೆ ವಚನ ಚಿಂತನೆ ಇರಲಿ. ಉಳಿದ ಹೊತ್ತು ರೈತರದು, ಬಾಣಂತಿಯರದು, ಶಾಲಾಮಕ್ಕಳದು, ನೇಕಾರರದು, ಪಕ್ಕದ ಕೇರಿಯ ತತ್ತ್ವಪದಕಾರರದು ಆಗಲಿ. ಪ್ರಸಾರವಾದ ಪ್ರತಿ ಕಾರ್ಯಕ್ರಮದ ಧ್ವನಿಮುದ್ರಿಕೆಯನ್ನು ಮೂರು ತಿಂಗಳು ಕಾಪಿಡಬೇಕು. ಷರತ್ತು ಮುರಿದರೆ ಮೊದಲ ಬಾರಿಗೆ ಒಂದು ತಿಂಗಳವರೆಗೆ, ಎರಡನೆಯ ಬಾರಿಗೆ ಮೂರು ತಿಂಗಳವರೆಗೆ ಅನುಮತಿಯನ್ನು ಅಮಾನತುಗೊಳಿಸಬಹುದು; ಅನಂತರ ರದ್ದುಪಡಿಸಲೂಬಹುದು.

ಭಕ್ತರಲ್ಲಿ ಒಂದು ತಪ್ಪು ಗ್ರಹಿಕೆಯಿದೆ. ವಚನಗಳು ಹನ್ನೆರಡನೆಯ ಶತಮಾನದವು, ಅವನ್ನು ಹೇಗೆ ಬೇಕಾದರೂ ಪ್ರಸಾರ ಮಾಡಬಹುದು ಎಂದು ಅನೇಕರು ತಿಳಿದಿದ್ದಾರೆ. ವಚನದ ಪಠ್ಯಕ್ಕೆ ಹಕ್ಕುಸ್ವಾಮ್ಯವಿಲ್ಲವೆಂಬುದು ನಿಜ. ಆದರೆ ಪ್ರಸಿದ್ಧ ಗಾಯಕರು ಹಾಡಿದ ಧ್ವನಿಮುದ್ರಿಕೆಗೆ ಪ್ರಕಟಣೆಯ ನಂತರ 60 ವರ್ಷ ಹಕ್ಕು ಇರುತ್ತದೆ. ಆಧುನಿಕ ರಾಗಸಂಯೋಜನೆಗೂ ಹಕ್ಕುಂಟು. ಮಾರುಕಟ್ಟೆಯ ಮುದ್ರಿಕೆಯನ್ನೋ ಚಿತ್ರಗೀತೆಯನ್ನೋ ಹಾಕುವುದಾದರೆ ಹಕ್ಕುದಾರರ ಅನುಮತಿ ಬೇಕು, ಶುಲ್ಕ ತೆರಬೇಕು. ಊರಿನ ಅಕ್ಕನ ಬಳಗದವರಿಂದಲೇ ಸಾಂಪ್ರದಾಯಿಕ ಧಾಟಿಯಲ್ಲಿ ಹಾಡಿಸಿ, ಅವರ ಲಿಖಿತ ಒಪ್ಪಿಗೆ ಪಡೆದು ಮುದ್ರಿಸಿಕೊಂಡರೆ ಈ ತೊಡಕೂ ಇಲ್ಲ, ಸ್ಥಳೀಯ ಪಾಲ್ಗೊಳ್ಳುವಿಕೆಯ ಷರತ್ತೂ ಪಾಲನೆಯಾಗುತ್ತದೆ.

ಹಣದ ವಿಚಾರ. ಗಂಟೆಗೆ 12 ನಿಮಿಷ ಜಾಹೀರಾತಿಗೆ ಈಗ ಅವಕಾಶವಿದೆ; ಮೊದಲು 7 ನಿಮಿಷವಿತ್ತು. ಜಾಹೀರಾತಿನ ದರವನ್ನು ಹತ್ತು ಸೆಕೆಂಡಿಗೆ 52 ರೂಪಾಯಿಯಿಂದ 74 ರೂಪಾಯಿಗೆ ಏರಿಸಲಾಗಿದೆ. ಹನ್ನೆರಡು ನಿಮಿಷವೂ ಈ ದರದಲ್ಲಿ ತುಂಬಿದರೆ ಗಂಟೆಗೆ 5,328 ರೂಪಾಯಿಯಾಗುತ್ತದೆಂದು ಲೆಕ್ಕ ಹಾಕಿ ಹಿಗ್ಗುವವರಿದ್ದಾರೆ. ತಾಲ್ಲೂಕು ಕೇಂದ್ರದ ಕಿರಾಣಿ ಅಂಗಡಿ, ಬೀಜ-ಗೊಬ್ಬರದ ಮಳಿಗೆಗಳಿಂದ ಅಷ್ಟು ಜಾಹೀರಾತು ದಿನವೂ ಬರುವುದಿಲ್ಲ. ಕೇಂದ್ರದ ವೆಚ್ಚವನ್ನು ಮಾತೃಸಂಸ್ಥೆ ಹೊರುತ್ತದೆಂದು ನಿರ್ಧರಿಸಿಯೇ ಇಳಿಯಬೇಕು. ಬಂದ ಆದಾಯವನ್ನು ಕೇಂದ್ರದ ನಿರ್ವಹಣೆಗೂ ಉಪಕರಣಗಳಿಗೂ ಮಾತ್ರ ಬಳಸಬೇಕು. ಎಲ್ಲ ಅಗತ್ಯಗಳು ಪೂರೈಸಿ ಉಳಿದುದನ್ನು ಸಚಿವಾಲಯದ ಲಿಖಿತ ಒಪ್ಪಿಗೆಯೊಡನೆ ಸಂಸ್ಥೆಯ ಮೂಲ ಉದ್ದೇಶಕ್ಕೆ ವಿನಿಯೋಗಿಸಬಹುದು. ವಿದೇಶದಲ್ಲಿ ನೆಲೆಸಿರುವ ಭಕ್ತರು ದೇಣಿಗೆ ನೀಡಬಯಸಿದರೆ, ಅದು ವಿದೇಶಿ ವಂತಿಗೆಯ ವ್ಯಾಖ್ಯೆಗೆ ಒಳಪಡುವುದಾದಲ್ಲಿ, ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ ಅನುಮತಿ ಇರಲೇಬೇಕು.

ಯಂತ್ರಗಳನ್ನು ಕೊಳ್ಳುವುದಕ್ಕಿಂತ ಕಠಿಣವಾದದ್ದು, ತರಬೇತಿ ಪಡೆದವರನ್ನು ಉಳಿಸಿಕೊಳ್ಳುವುದು. ಧ್ವನಿಮುದ್ರಣ ಕಲಿತ ಯುವಕ-ಯುವತಿಯರು ಒಂದೆರಡು ವರ್ಷಗಳಲ್ಲಿ ನಗರ ಸೇರುತ್ತಾರೆ. ಉದ್ಘಾಟನೆಯ ದಿನ ಸೇರಿದ ಜನಸ್ತೋಮವನ್ನು ನೋಡಿ ಮುಂದಿನದೆಲ್ಲ ತಾನಾಗಿ ನಡೆಯುವುದೆಂದು ಭಾವಿಸಬಾರದು.

ಅರ್ಜಿ ಸಲ್ಲಿಸುವ ಮುನ್ನವೇ ಕಾಯಕ ಆರಂಭಿಸಲು ಅಡ್ಡಿಯೇನಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ ಇದಕ್ಕೆ ಒಳ್ಳೆಯ ನಿದರ್ಶನ. ಸ್ವಯಂಸೇವಾ ಸಂಸ್ಥೆಗಳಿಗೆ ಪರವಾನಗಿ ದೊರೆಯದಿದ್ದ ಕಾಲದಲ್ಲಿ, 2001ರ ಸುಮಾರಿಗೆ, ಅಲ್ಲಿನ ಮಹಿಳಾ ಸಂಘಗಳ ಸದಸ್ಯರು ತಮ್ಮ ಕಾರ್ಯಕ್ರಮಗಳನ್ನು ತಾವೇ ಮುದ್ರಿಸಿ ಊರಿನ ಟಿವಿ ಕೇಬಲ್ ಮೂಲಕವೇ ಮನೆಗಳಿಗೆ ಧ್ವನಿಯನ್ನು ತಲುಪಿಸಿದರು. ಎಫ್‌ಎಂ ಅನುಮತಿ ಕಾಲಾನಂತರ ಬಂದಿತು. ಇಂದು ಆರು ತಿಂಗಳ ಕಾಲ ವಾರಕ್ಕೆ ಒಂದು ಗಂಟೆಯ ಕಾರ್ಯಕ್ರಮವನ್ನು ತಪ್ಪದೆ ಮುದ್ರಿಸಿ, ಸಂಘದ ಸಭೆಗಳಲ್ಲೂ ಮೊಬೈಲ್‌ಗಳಲ್ಲೂ ಕೇಳಿಸಿ, ಕೇಳಿದವರ ಮಾತನ್ನು ಬರೆದಿಟ್ಟುಕೊಳ್ಳಲಿ. ಅದನ್ನು ನಡೆಸಲು ಯಾರು ಉಳಿಯುತ್ತಾರೆಂಬುದು ಆಗ ತಿಳಿಯುತ್ತದೆ, ಸಚಿವಾಲಯದ ಮುಂದೆ ಇಡಲು ಒಂದು ದಾಖಲೆಯೂ ಸಿದ್ಧವಾಗುತ್ತದೆ.