ವಸ್ತಿ ಎಲ್ಲಿ? ಪಂಢರಪುರದ ದಾರಿಯೂ ಚೋಖಾಮೇಳನ ಧರ್ಮಶಾಲೆಯೂ

ಭಕ್ತಿ ಪಂಥಗಳ ಬಗ್ಗೆ ನಮ್ಮಲ್ಲಿ ಬಂದಿರುವ ವಿಮರ್ಶೆಯಲ್ಲಿ ಬಹುಪಾಲು ಹಾಡಿನ ವಿಮರ್ಶೆ. ಹಾಡಿದವನು ಆ ರಾತ್ರಿ ಎಲ್ಲಿ ಮಲಗಿದ, ಯಾರ ಬಾವಿಯ ನೀರು ಕುಡಿದ ಅನ್ನೋ ಪ್ರಶ್ನೆ ಈ ವಿಮರ್ಶೆಗೆ ಸಣ್ಣದಾಗಿ ಕಂಡಿದೆ. ಆದರೆ ದಲಿತನ ಪಾಲಿಗೆ ಇದು ಸಣ್ಣ ಪ್ರಶ್ನೆಯಲ್ಲ. ಗುಡಿಯೊಳಗೆ ಹೋಗಿಬರುವುದು ಒಂದು ಗಳಿಗೆಯ ಮಾತು. ವಸ್ತಿ ಅಂದರೆ ಇಡೀ ರಾತ್ರಿ. ಅಡಿಗೆ, ನೀರು, ಹಾಸಿಗೆ, ಬಯಲಕಡೆ ಎಲ್ಲವೂ ಅದರೊಳಗೇ ಬಂತು. ಜಾತಿ ತನ್ನ ಕೆಲಸ ಮಾಡುವುದು ಇಂಥ ಕಡೆಯೇ.

ಪಂಢರಪುರದ ವಾರಿಯನ್ನೇ ತೆಗೆದುಕೊಳ್ಳಿ. ಆಳಂದಿಯಿಂದ ಜ್ಞಾನೇಶ್ವರನ ಪಾದುಕೆ, ದೇಹುವಿನಿಂದ ತುಕಾರಾಮನ ಪಾದುಕೆ ಹೊತ್ತ ಪಾಲಕಿಗಳು ಆಷಾಢ ಏಕಾದಶಿಯ ಹೊತ್ತಿಗೆ ಪಂಢರಪುರ ಸೇರುತ್ತವೆ. ಸುಮಾರು 250 ಕಿಲೋಮೀಟರ್, ಹತ್ತಿರ ಹತ್ತಿರ ಮೂರು ವಾರದ ನಡಿಗೆ. ನಮ್ಮ ಬೆಳಗಾವಿ, ಬೀದರ, ಕಲಬುರಗಿ, ವಿಜಯಪುರದ ಕಡೆಯಿಂದಲೂ ದಿಂಡಿಗಳು ಹೋಗುತ್ತವೆ. ದಾರಿಯಲ್ಲಿ ಒಬ್ಬರ ಕಾಲಿಗೆ ಒಬ್ಬರು ಬೀಳುತ್ತಾರೆ, ಜಾತಿ ಕೇಳುವುದಿಲ್ಲ, ಇದೇ ಸಮಾನತೆ ಎಂದು ಬರೆದವರು ಬಹಳ ಮಂದಿ. ಈ ದಾರಿಯಲ್ಲಿ ನಡೆದ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಬೇರೆಯೇ ಒಂದನ್ನು ಕಂಡರು. 1962ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಅವರ ಲೇಖನದಲ್ಲಿ, ಕೂಡಿ ಹಾಡುವವರು ಊಟದ ಹೊತ್ತಿಗೆ ಜಾತಿವಾರು ಬೇರೆಯಾಗುವುದನ್ನು ನೋವಿನಿಂದ ದಾಖಲಿಸಿದ್ದಾರೆ. ಹಗಲು ದಾರಿಯಲ್ಲಿ ಕೂಡಿದ್ದು ಒಲೆಯ ಮುಂದೆ ಒಡೆಯಿತು. ಹಾಗಾದರೆ ನಡಿಗೆ ಮುಗಿದ ಮೇಲೆ, ಊರೊಳಗೆ?

ಊರೊಳಗೆ ಮಠಗಳಿದ್ದವು, ಪುರೋಹಿತರ ಮನೆಗಳಿದ್ದವು, ಜಾತಿಯ ಹೆಸರು ಹೊತ್ತ ಧರ್ಮಶಾಲೆಗಳಿದ್ದವು. ಚಂದ್ರಭಾಗೆಯೂ ಗುಡಿಯೂ ಹತ್ತಿರವಿರುವ ಕಡೆ ಒಂದು ಸೂರು ಸಿಗುವುದೆಂದರೆ ನಡೆದು ಸೋತ ಮುದುಕರಿಗೆ, ಕೂಸು ಕಟ್ಟಿಕೊಂಡ ಹೆಂಗಸರಿಗೆ ದೊಡ್ಡ ಆಸರೆ. ಮಹಾರರಿಗೆ, ಮಾಂಗರಿಗೆ ಆ ಬಾಗಿಲುಗಳು ತೆರೆದಿರಲಿಲ್ಲ. ಅವರ ಪಾಲಿಗೆ ಉಳಿದದ್ದು ನದಿಯ ಮರಳು ಮತ್ತು ಆಷಾಢದ ಮಳೆ.

ಇದರ ಮೊದಲ ಸಾಕ್ಷಿ ಚೋಖಾಮೇಳ. ಹದಿನಾಲ್ಕನೇ ಶತಮಾನದ ಈ ಮಹಾರ ಸಂತ ಮಂಗಳವೇಢೆಯವನು. ನಾವು ಬಸವಣ್ಣನ ಜೊತೆಗೂ ನೆನೆಯುವ, ಬಿಜ್ಜಳನ ಮಂಗಳವಾಡ. ಹೆಂಡತಿ ಸೋಯರಾ, ತಂಗಿ ನಿರ್ಮಳಾ, ಮಗ ಕರ್ಮಮೇಳಾ, ಭಾವಮೈದ ಬಂಕಾ, ಮನೆಮಂದಿಯೆಲ್ಲ ಅಭಂಗ ಕಟ್ಟಿದವರು. ಐತಿಹ್ಯದ ಪ್ರಕಾರ ಚೋಖಾನನ್ನು ಊರಿಂದ ಹೊರಹಾಕಿ ನದಿಯಾಚೆ ಇರಲು ಹೇಳಿದರು. ಅವನು ಆಚೆ ದಡದಲ್ಲಿ ದೀಪಮಾಲೆ ಕಟ್ಟಿದ, ವಿಠ್ಠಲನೇ ಅವನಲ್ಲಿಗೆ ಊಟಕ್ಕೆ ಬಂದ. ದೇವರು ಬಂದ ಅನ್ನೋದನ್ನು ಕಥೆ ಮೈಮರೆತು ಹೇಳುತ್ತದೆ. ಚೋಖಾ ಆಚೆ ದಡದಲ್ಲೇ ಉಳಿದ ಅನ್ನೋದನ್ನು ತೇಲಿಸಿಬಿಡುತ್ತದೆ. 1338ರಲ್ಲಿ ಮಂಗಳವೇಢೆಯ ಗೋಡೆ ಕಟ್ಟುವ ಬಿಟ್ಟಿ ಚಾಕರಿಯಲ್ಲಿ ಗೋಡೆ ಕುಸಿದು ಸತ್ತ. ಅವನ ಎಲುಬುಗಳನ್ನು ನಾಮದೇವ ತಂದು ಮಹಾದ್ವಾರದ ಎದುರು ಸಮಾಧಿ ಮಾಡಿದ ಎನ್ನುತ್ತಾರೆ. ಸತ್ತ ಮೇಲೆ ಅವನಿಗೆ ಊರ ನಡುವೆ ಜಾಗ ಸಿಕ್ಕಿತು, ಅದೂ ಬಾಗಿಲ ಹೊರಗೆ. ಆರು ನೂರು ವರ್ಷ ಅವನ ಕುಲದವರು ಆ ಸಮಾಧಿಯವರೆಗೆ ಬಂದು ವಾಪಸಾದರು.

ಈ ರಾತ್ರಿಗಳಿಗೆ ಉತ್ತರ ಹುಡುಕಿದವರಲ್ಲಿ ಗಾಡಗೆ ಬಾಬಾ ಮುಖ್ಯರು. 1876ರಲ್ಲಿ ಅಮರಾವತಿ ಜಿಲ್ಲೆಯ ಶೇಂಡಗಾಂವದಲ್ಲಿ ಪರೀಟ, ಅಂದರೆ ಅಗಸರ ಮನೆಯಲ್ಲಿ ಹುಟ್ಟಿದ ದೇಬೂಜಿ. ಚಿಂದಿ ಬಟ್ಟೆ, ಕೈಯಲ್ಲಿ ಕಸಬರಿಗೆ, ಒಂದು ಮಣ್ಣಿನ ಪಾತ್ರೆ. ಹಗಲು ಊರು ಗುಡಿಸಿ ರಾತ್ರಿ ಕೀರ್ತನೆ ಮಾಡುತ್ತಿದ್ದ ಈ ಮನುಷ್ಯ ಬಂದ ದುಡ್ಡಿನಲ್ಲಿ ಗುಡಿ ಕಟ್ಟಲಿಲ್ಲ. ನಾಸಿಕ, ಆಳಂದಿ, ದೇಹು, ಪಂಢರಪುರಗಳಲ್ಲಿ ಧರ್ಮಶಾಲೆ ಕಟ್ಟಿಸಿದ. ಪಂಢರಪುರದಲ್ಲಿ ಅಸ್ಪೃಶ್ಯ ವಾರಕರಿಗಳಿಗಾಗಿ ಎದ್ದು ನಿಂತದ್ದು ಚೋಖಾಮೇಳ ಧರ್ಮಶಾಲೆ. ಆಚೆ ದಡಕ್ಕೆ ದೂಡಿಸಿಕೊಂಡವನ ಹೆಸರಿನಲ್ಲೇ ಈಚೆ ಸೂರು ಎದ್ದಿತು. ಆದರೆ ಇಲ್ಲೊಂದು ಕಹಿಯೂ ಇದೆ. ಬೇರೆ ಧರ್ಮಶಾಲೆಗಳು ತೆರೆದಿದ್ದರೆ ಇದನ್ನು ಕಟ್ಟುವ ಅಗತ್ಯವೇ ಇರಲಿಲ್ಲ. ಸೂರು ಸಿಕ್ಕಿತು, ಕೇರಿ ಮಾತ್ರ ತಪ್ಪಲಿಲ್ಲ.

ಇದೇ ಕಾಲದಲ್ಲಿ ವಸ್ತಿಯ ಪ್ರಶ್ನೆ ಇನ್ನೊಬ್ಬರ ಮೈಮೇಲೂ ಬಂದಿತ್ತು. ವಿದೇಶದಲ್ಲಿ ಓದಿ 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಬಂದ ಅಂಬೇಡ್ಕರರಿಗೆ ಆ ಊರಲ್ಲಿ ಇರಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಹೆಸರಿಟ್ಟುಕೊಂಡು ಪಾರ್ಸಿಗಳ ವಸತಿಗೃಹದಲ್ಲಿ ಉಳಿದರು. ಗುಟ್ಟು ಬಯಲಾದಾಗ ಬಡಿಗೆ ಹಿಡಿದು ಬಂದವರು ಹೊರಹಾಕಿದರು. ಡಿಗ್ರಿ ಇದ್ದವನಿಗೂ ವಸ್ತಿ ಇಲ್ಲ, ಅಭಂಗ ಹಾಡಿದವನಿಗೂ ಇಲ್ಲ. ರಮಾಬಾಯಿ ಪಂಢರಪುರಕ್ಕೆ ಹೋಗಬೇಕೆಂದು ಹಂಬಲಿಸಿದಾಗ ಅಂಬೇಡ್ಕರರು ಒಪ್ಪಲಿಲ್ಲ. ಭಕ್ತರನ್ನು ದೂರ ನಿಲ್ಲಿಸುವ ಪಂಢರಪುರ ಬೇಡ, ನಾವೇ ಬೇರೊಂದನ್ನು ಕಟ್ಟೋಣ ಎಂದರು ಅಂತ ಅವರ ಜೀವನಚರಿತ್ರಕಾರ ಧನಂಜಯ ಕೀರ್ ಬರೆಯುತ್ತಾರೆ. ಸಂತರು ದೇವರ ಮುಂದೆ ಎಲ್ಲರೂ ಸಮ ಎಂದರೇ ಹೊರತು ಜಾತಿಯ ವಿರುದ್ಧ ಹೋರಾಟ ಹೂಡಲಿಲ್ಲ ಎಂಬ ಅವರ ಮಾತು ಖಚಿತವಾಗಿತ್ತು. ಹಾಗಿದ್ದೂ 1948ರ ‘ದಿ ಅನ್‌ಟಚಬಲ್ಸ್’ ಪುಸ್ತಕವನ್ನು ನಂದನಾರ್, ರವಿದಾಸ, ಚೋಖಾಮೇಳರಿಗೆ ಅರ್ಪಿಸಿದರು. ಟೀಕೆಯೂ ಇತ್ತು, ರಕ್ತಸಂಬಂಧವೂ ಇತ್ತು.

1947ರ ಮೇ ತಿಂಗಳಲ್ಲಿ ಸಾನೆ ಗುರೂಜಿ ಪಂಢರಪುರದಲ್ಲಿ ಉಪವಾಸ ಕೂತು ವಿಠ್ಠಲನ ಗುಡಿಯ ಬಾಗಿಲು ತೆರೆಸಿದರು. ಇದನ್ನು ಎಲ್ಲ ಪಠ್ಯಗಳೂ ಹೇಳುತ್ತವೆ. ಎರಡು ವರ್ಷದ ನಂತರ, 1949ರಲ್ಲಿ ನಡೆದದ್ದು ಅಷ್ಟು ಪ್ರಸಿದ್ಧವಲ್ಲ. ಗಾಡಗೆ ಬಾಬಾ ಪಂಢರಪುರದ ಆ ಕಟ್ಟಡವನ್ನು ಅಂಬೇಡ್ಕರರು 1945ರಲ್ಲಿ ಸ್ಥಾಪಿಸಿದ್ದ ಪೀಪಲ್ಸ್ ಎಜುಕೇಷನ್ ಸೊಸೈಟಿಗೆ ಕೊಟ್ಟುಬಿಟ್ಟರು. ನನಗೆ ಗುಡಿ ತೆರೆದದ್ದಕ್ಕಿಂತ ಇದು ದೊಡ್ಡ ಘಟನೆಯಾಗಿ ಕಾಣುತ್ತದೆ. ಗುಡಿಯ ಬಾಗಿಲನ್ನು ತೆರೆದವರು ಅದರ ಯಜಮಾನರು. ಇಲ್ಲಿ ಒಬ್ಬ ಅಗಸ, ಒಬ್ಬ ಮಹಾರ, ಯಾರ ಅಪ್ಪಣೆಯನ್ನೂ ಕೇಳದೆ, ಯಾತ್ರಿಕನ ಸೂರನ್ನು ವಿದ್ಯೆಯ ಕಡೆ ತಿರುಗಿಸಿದರು. ವರ್ಷಕ್ಕೆ ನಾಕು ದಿನದ ವಸ್ತಿ ಊರಲ್ಲೇ ನೆಲೆ ನಿಲ್ಲುವ ಮಾತಾಯಿತು. ಇಬ್ಬರೂ 1956ರ ಡಿಸೆಂಬರಿನಲ್ಲಿ, ಎರಡು ವಾರದ ಅಂತರದಲ್ಲಿ ತೀರಿಕೊಂಡರು.

1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಧರ್ಮಶಾಲೆ, ಸರಾಯಿ, ಮುಸಾಫಿರಖಾನೆಗಳನ್ನು ಹೆಸರು ಹಿಡಿದೇ ಹೇಳಿತು: ಸಾರ್ವಜನಿಕರಿಗೆ ತೆರೆದ ಇಂಥ ಜಾಗದಲ್ಲಿ ಯಾರನ್ನೂ ಅಸ್ಪೃಶ್ಯತೆಯ ಕಾರಣಕ್ಕೆ ತಡೆಯುವುದು ಅಪರಾಧ. ಕಾನೂನು ಇಷ್ಟು ಬಿಡಿಸಿ ಹೇಳಬೇಕಾಯಿತೆಂದರೆ ರೋಗ ಎಲ್ಲಿತ್ತು ಅನ್ನೋದು ತಿಳಿಯುತ್ತದೆ. 2014ರ ಸುಪ್ರೀಂ ಕೋರ್ಟ್ ತೀರ್ಪಿನೊಂದಿಗೆ ಬಡವೆ, ಉತ್ಪಾತ ಮನೆತನಗಳ ವಂಶಪಾರಂಪರ್ಯ ಹಕ್ಕುಗಳೂ ಮುಗಿದವು. ಆದರೆ ಲಕ್ಷಾಂತರ ಜನ ಉಳಿದು ಹೋದ ಊರನ್ನು, ನದಿದಡವನ್ನು ಬಳಿಯುವವರು ಯಾರು? ಪಂಢರಪುರದಲ್ಲಿ ಮಲ ಹೊರಿಸುವ ಪದ್ಧತಿಯ ವಿರುದ್ಧ ಬಾಂಬೆ ಹೈಕೋರ್ಟಿಗೆ ಹೋಗಬೇಕಾಗಿ ಬಂದದ್ದು ನಮ್ಮ ಈ ಶತಮಾನದಲ್ಲೇ. ಇವತ್ತು ಗುಡಿ ಪಕ್ಕದ ಲಾಜಿನಲ್ಲಿ ಮೊದಲು ಕೇಳುವುದು ಬಾಡಿಗೆ. ದುಡ್ಡಿಲ್ಲದವನು ಮತ್ತೆ ದೂರದ ಬಯಲಿಗೇ ಹೋಗಬೇಕು. ಆ ದುಡ್ಡಿಲ್ಲದವರಲ್ಲಿ ನಮ್ಮ ಜನ ಎಷ್ಟಿದ್ದಾರೆ ಎಂದು ಬಿಡಿಸಿ ಹೇಳಬೇಕಿಲ್ಲ.

ದಲಿತ ವಿಮರ್ಶೆ ಅಭಂಗವನ್ನೂ ವಚನವನ್ನೂ ಓದಲಿ, ಬೇಡ ಅನ್ನುವುದಿಲ್ಲ. ಅದರ ಜೊತೆಗೆ ಕೇರಿಯ ಮುದುಕಿಯರನ್ನು ಕೂರಿಸಿಕೊಂಡು ಕೇಳಲಿ: ಯವ್ವಾ, ವಾರಿಗೆ ಹೋದಾಗ ಎಲ್ಲಿ ಮಲಗ್ತಿದ್ರಿ, ನೀರು ಯಾರು ಹಾಕ್ತಿದ್ರು? ಅವರು ಕೊಡುವ ಉತ್ತರಗಳನ್ನು ಬರೆದಿಟ್ಟುಕೊಳ್ಳುವುದು ಈಗಲೇ ಆಗಬೇಕು. ಆ ಉತ್ತರಗಳನ್ನು ಬಿಟ್ಟು ಬರೆದ ಭಕ್ತಿಯ ಚರಿತ್ರೆ ಮಹಾದ್ವಾರದ ಒಳಗಿನವರ ಚರಿತ್ರೆಯಾಗಿಯೇ ಉಳಿಯುತ್ತದೆ.