ಹವಾಯಿಯ ಉಕ್ಕಿನ ಗಿಟಾರು: ಕಿವಿಯ ಪಾಠ ಮತ್ತು ಲಿಪಿಯ ಪಾಠ

ಶಾಂತಸಾಗರದ ಹವಾಯಿ ದ್ವೀಪಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹುಟ್ಟಿ, ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ದೇಶವಿದೇಶಗಳಿಗೆ ಹರಡಿದ ವಾದ್ಯ ಉಕ್ಕಿನ ಗಿಟಾರು. ಅದರ ಮೊದಲ ತಲೆಮಾರಿನ ವಾದಕರಲ್ಲಿ ಅನೇಕರು ಸ್ವರಲಿಪಿಯನ್ನು ನಂಬಿದವರಲ್ಲ. ಕೇಳಿ ಕಲಿತವರು, ನುಡಿಸಿ ಕಲಿಸಿದವರು. ಅವರ ವಾದನವು ಇಂದಿಗೆ ಉಳಿದಿರುವುದು ಮುಖ್ಯವಾಗಿ ಗ್ರಾಮೋಫೋನು ತಟ್ಟೆಗಳಲ್ಲಿ. ಆ ತಟ್ಟೆಗಳನ್ನು ಕೇಳಿ ಹಳೆಯ ಮಟ್ಟುಗಳನ್ನು ಬರೆದಿಡುವುದು ಕೇವಲ ರಸಿಕರ ಹವ್ಯಾಸವೆಂದು ತೋರಬಹುದು. ಪರಿಶೀಲಿಸಿ ನೋಡಿದರೆ, ಅದು ಓಲೆಗರಿಗಳಿಂದ ಗ್ರಂಥವನ್ನು ಸಂಪಾದಿಸುವ ಕೆಲಸಕ್ಕೆ ಸಮಾನವಾದುದೆಂಬುದು ವ್ಯಕ್ತವಾಗುತ್ತದೆ.

ಗಿಟಾರು ಹವಾಯಿಗೆ ಹೊರಗಿನಿಂದ ಬಂದುದು. 1830ರ ದಶಕದಲ್ಲಿ ದನಗಳನ್ನು ಪಳಗಿಸಲು ಮೆಕ್ಸಿಕೋ ಕಡೆಯಿಂದ ಬಂದ ಗೋಪಾಲಕರು ಅದನ್ನು ತಂದರೆಂದು ಹೇಳುವುದು ವಾಡಿಕೆ. ಗಿಟಾರನ್ನು ತೊಡೆಯ ಮೇಲೆ ಅಡ್ಡಲಾಗಿ ಮಲಗಿಸಿ, ಎಡಗೈಯ ಬೆರಳುಗಳಿಗೆ ಬದಲಾಗಿ ಉಕ್ಕಿನ ಸರಳನ್ನು ತಂತಿಗಳ ಮೇಲೆ ಜಾರಿಸುವ ಕ್ರಮವನ್ನು ಕಂಡುಹಿಡಿದ ಕೀರ್ತಿಯು ಸಾಮಾನ್ಯವಾಗಿ ಜೋಸೆಫ್ ಕೆಕುಕುವಿಗೆ ಸಲ್ಲುತ್ತದೆ. ಆತನು 1874ರಲ್ಲಿ ಓವಾಹು ದ್ವೀಪದ ಲಾಇಯೆ ಗ್ರಾಮದಲ್ಲಿ ಜನಿಸಿದನು. 1904ರಲ್ಲಿ ಅಮೆರಿಕದ ನಾಡಿಗೆ ಹೋಗಿ ತನ್ನ ವಾದನವನ್ನು ಪ್ರಚಾರಗೊಳಿಸಿದನು. 1932ರಲ್ಲಿ ನ್ಯೂ ಜೆರ್ಸಿಯಲ್ಲಿ ಮೃತನಾದನು. ಭಾರತದಲ್ಲಿ ಹುಟ್ಟಿ ಹಡಗಿನಲ್ಲಿ ಹವಾಯಿಗೆ ಬಂದ ಗೇಬ್ರಿಯಲ್ ಡೇವಿಯನ್ ಎಂಬವನು ಇದಕ್ಕೆ ಮೊದಲೇ ಹೀಗೆ ನುಡಿಸುತ್ತಿದ್ದನೆಂಬ ಪ್ರವಾದವೂ ಉಂಟು. ದಕ್ಷಿಣ ಭಾರತದ ಗೋಟುವಾದ್ಯವನ್ನು ಬಲ್ಲವರಿಗೆ ಇದು ಆಕರ್ಷಕವಾಗಿ ಕಂಡರೂ, ಆಧಾರವು ನಂತರದವರ ನೆನಪಿನ ಮಾತಾದುದರಿಂದ ಇದನ್ನು ಸಿದ್ಧಾಂತವೆಂದು ಗ್ರಹಿಸಲಾಗದು.

ಹವಾಯಿಯ ಗೀತಗಳನ್ನು ಯಾರೂ ಬರೆದಿಡಲಿಲ್ಲವೆಂದು ಇದರಿಂದ ಭಾವಿಸಬಾರದು. 1872ರಿಂದ ರಾಜವಾದ್ಯಮೇಳದ ನಾಯಕನಾಗಿದ್ದ ಹೆನ್ರಿ ಬರ್ಗರ್ ಅನೇಕ ಗೀತಗಳನ್ನು ಐರೋಪ್ಯ ಸ್ವರಲಿಪಿಗೆ ಅಳವಡಿಸಿದನು. 1893ರಲ್ಲಿ ರಾಜ್ಯವನ್ನು ಕಳೆದುಕೊಂಡ ಲಿಲಿಯುಒಕಲಾನಿ ರಾಣಿಯು 1895ರಲ್ಲಿ ತನ್ನ ಅರಮನೆಯಲ್ಲಿಯೇ ಬಂದಿಯಾಗಿದ್ದಾಗ, ಮೊದಮೊದಲು ಯಾವ ವಾದ್ಯವೂ ಇಲ್ಲದೆ, ಸ್ವಕಂಠವೊಂದರಿಂದಲೇ ಸ್ವರಗಳನ್ನು ಗೊತ್ತುಮಾಡಿ ಗೀತಗಳನ್ನು ಲಿಪಿಗಿಳಿಸಿದಳು. ‘ಅಲೋಹಾ ಓಎ’ ಅವುಗಳಲ್ಲಿ ಒಂದು. ಮುಂದೆ ಚಾರ್ಲ್ಸ್ ಕಿಂಗನ ಸಂಕಲನಗಳು ಮನೆಮನೆಗೂ ಮುಟ್ಟಿದವು. ಆದರೆ ಈ ಪುಸ್ತಕಗಳಲ್ಲಿ ದೊರೆಯುವುದು ಗೀತದ ಅಸ್ಥಿಪಂಜರ ಮಾತ್ರ. ಉಕ್ಕಿನ ಗಿಟಾರಿನ ಜೀವವಾದರೋ ಸ್ವರಸ್ವರಗಳ ನಡುವಣ ಜಾರಿನಲ್ಲಿದೆ, ಕಂಪನದಲ್ಲಿದೆ. ವರ್ಣವೊಂದನ್ನು ಸ್ವರಲಿಪಿಯಲ್ಲಿ ಓದಿದ ಮಾತ್ರಕ್ಕೆ ಗಮಕವು ಬಾರದೆಂಬುದನ್ನು ಬಲ್ಲ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ.

1923ರಿಂದ ಹೆಲೆನ್ ರಾಬರ್ಟ್ಸ್ ಎಂಬ ವಿದುಷಿಯು ದ್ವೀಪಗಳಲ್ಲಿ ಸಂಚರಿಸಿ, ಪ್ರಾಚೀನ ಪಠಣಗಳನ್ನು ಮೇಣದ ಉರುಳೆಗಳ ಮೇಲೆ ಮುದ್ರಿಸಿಕೊಂಡು, ಕೇಳಿ ಲಿಪಿಗಿಳಿಸಿ, 1926ರಲ್ಲಿ ಗ್ರಂಥವಾಗಿ ಪ್ರಕಟಿಸಿದಳು. ಪುರಾತನವಾದುದಕ್ಕೆ ಹೀಗೆ ಪಂಡಿತರ ಆಶ್ರಯವು ದೊರೆಯಿತು. ಉಕ್ಕಿನ ಗಿಟಾರು ಆಗ ನವೀನವೂ ಜನಪ್ರಿಯವೂ ಆಗಿದ್ದುದರಿಂದ ಅದರ ರಕ್ಷಣೆಯು ತಟ್ಟೆಯ ವ್ಯಾಪಾರಿಗಳ ಪಾಲಿಗೆ ಬಿತ್ತು. 1912ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶಿತವಾದ ‘ಬರ್ಡ್ ಆಫ್ ಪ್ಯಾರಡೈಸ್’ ನಾಟಕದಿಂದಲೂ 1915ರ ಸ್ಯಾನ್ ಫ್ರಾನ್ಸಿಸ್ಕೋ ಪ್ರದರ್ಶನದಿಂದಲೂ ಅಮೆರಿಕದಲ್ಲಿ ಈ ಸಂಗೀತಕ್ಕೆ ಬೇಡಿಕೆಯು ಹೆಚ್ಚಿತು. ಫ್ರಾಂಕ್ ಫೆರೇರಾ, ಸೋಲ್ ಹೋಓಪಿಇ ಮೊದಲಾದವರ ತಟ್ಟೆಗಳು ಹೇರಳವಾಗಿ ಹೊರಟವು. ಇಂದಿನ ಸಂಶೋಧಕರಿಗೆ ಇವೇ ಹಸ್ತಪ್ರತಿಗಳು.

ಈ ಹಸ್ತಪ್ರತಿಗಳ ಮೊದಲನೆಯ ತೊಡಕು ವೇಗ. ತಟ್ಟೆಯು ನಿಮಿಷಕ್ಕೆ 78 ಸುತ್ತು ತಿರುಗಬೇಕೆಂಬುದು ಹೆಸರಿಗೆ ನಿಯಮವಾದರೂ, ಆರಂಭಕಾಲದ ತಟ್ಟೆಗಳೆಲ್ಲವೂ ಆ ವೇಗದಲ್ಲಿಯೇ ಮುದ್ರಿತವಾದವಲ್ಲ. ವೇಗದಲ್ಲಿ ನೂರಕ್ಕೆ ಆರರಷ್ಟು ವ್ಯತ್ಯಾಸವಾದರೆ ಶ್ರುತಿಯು ಒಂದು ಸ್ವರಸ್ಥಾನದಷ್ಟು ಏರುವುದು ಅಥವಾ ಇಳಿಯುವುದು. ಆದುದರಿಂದ ಕೇಳಿದ ಶ್ರುತಿಯೇ ವಾದಕನ ಶ್ರುತಿಯೆಂದು ಒಮ್ಮೆಗೇ ನಿರ್ಣಯಿಸಲಾಗದು. ಇದಲ್ಲದೆ, 1925ರಲ್ಲಿ ವಿದ್ಯುನ್ಮುದ್ರಣವು ಬರುವುದಕ್ಕೆ ಮೊದಲಿನ ತಟ್ಟೆಗಳಲ್ಲಿ ಮಂದ್ರಸ್ವರಗಳು ಬಹಳ ಕ್ಷೀಣವಾಗಿವೆ.

ಎರಡನೆಯ ತೊಡಕು ತಂತಿಗಳ ಶ್ರುತಿಕ್ರಮ. ಹಳೆಯ ವಾದಕರಲ್ಲಿ ರೂಢಿಯಾಗಿದ್ದ ಒಂದು ಕ್ರಮದಲ್ಲಿ ಆರು ತಂತಿಗಳು ಕೆಳಗಿನಿಂದ ಮೇಲಕ್ಕೆ ಪ-ಸ-ಪ-ಸ-ಗ-ಪ ಎಂದು ನಿಲ್ಲುತ್ತವೆ. ಇನ್ನೊಂದರಲ್ಲಿ ಸ-ಗ-ಪ-ಸ-ಗ-ಪ ಎಂದು. ಎರಡರಲ್ಲಿಯೂ ಗಾಂಧಾರವು ಅಂತರಗಾಂಧಾರವೇ. ಮೇಲಿನ ನಾಲ್ಕು ತಂತಿಗಳು ಎರಡಕ್ಕೂ ಸಮಾನವಾದುದರಿಂದ, ಅವುಗಳ ಮೇಲೆ ಮಾತ್ರ ನುಡಿದ ಭಾಗದಿಂದ ಕ್ರಮವು ತಿಳಿಯದು. ಬಿಡಿತಂತಿಯ ಮಂದ್ರಸ್ವರವೊಂದನ್ನು ಹುಡುಕಬೇಕಾಗುತ್ತದೆ. ಆ ಸ್ವರವು ಜೊತೆಗಿರುವ ಬೇರೊಂದು ಗಿಟಾರಿನದಲ್ಲವೆಂಬುದನ್ನೂ ದೃಢಪಡಿಸಿಕೊಳ್ಳಬೇಕು. ಬಿಡಿತಂತಿಯ ಮೇಲೆ ಸರಳಿನ ಕಂಪನವು ಅಸಾಧ್ಯವೆಂಬುದು ಇಲ್ಲಿ ಉಪಯುಕ್ತವಾದ ಗುರುತು. ಇನ್ನು, ಸರಳನ್ನು ನೇರವಾಗಿ ಇಟ್ಟಾಗ ಈ ಕ್ರಮಗಳಲ್ಲಿ ಹೊರಡುವುದು ಅಂತರಗಾಂಧಾರದ ಸ್ವರಮೇಳವೊಂದೇ. ಸಾಧಾರಣಗಾಂಧಾರದ ಮೇಳವು ಪೂರ್ಣವಾಗಿ, ಸುಲಲಿತವಾಗಿ ಕೇಳಿಬಂದರೆ ಶ್ರುತಿಕ್ರಮವು ಬೇರೆಯೆಂದು ಊಹಿಸಲು ಅವಕಾಶವಾಗುತ್ತದೆ. ಹೀಗೆ ವಾದ್ಯದ ಶಕ್ಯಾಶಕ್ಯಗಳೇ ಕಿವಿಯ ಭ್ರಾಂತಿಯನ್ನು ತಿದ್ದುತ್ತವೆ.

ಮೂರನೆಯದು ಪಾಠಾಂತರ. ಹುಲ ನೃತ್ಯದ ಗೀತಗಳಲ್ಲಿ ಒಂದೇ ಮಟ್ಟು ಪದ್ಯದಿಂದ ಪದ್ಯಕ್ಕೆ ಮರಳುತ್ತದೆ. ನಡುವೆ ಚಿಕ್ಕದೊಂದು ವಾದ್ಯಖಂಡವು ಬರುತ್ತದೆ. ವಾದಕನು ಪ್ರತಿಸಲವೂ ಅಷ್ಟಿಷ್ಟು ಮಾರ್ಪಡಿಸುವುದರಿಂದ ಒಂದೇ ತಟ್ಟೆಯಲ್ಲಿ ಹಲವು ಪಾಠಗಳು ಸಿಕ್ಕುತ್ತವೆ. ಒಂದು ಪದ್ಯದಲ್ಲಿ ಗೀರಿನಿಂದ ಮರೆಯಾದುದು ಮತ್ತೊಂದರಲ್ಲಿ ಸ್ಪಷ್ಟವಾಗಿರಬಹುದು. ಆದರೆ ಹೀಗೆ ತುಂಬಿದುದನ್ನು ಕೇಳಿದುದೆಂದು ಬರೆಯುವುದು ತ್ರುಟಿತ ಶಾಸನದಲ್ಲಿ ಊಹೆಯ ಅಕ್ಷರವನ್ನು ಕಂಸವಿಲ್ಲದೆ ಅಚ್ಚುಹಾಕಿದಂತೆ.

ಈ ಕೆಲಸವು ಸಂಗೀತಕ್ಕಷ್ಟೇ ಸಂಬಂಧಿಸಿದುದಲ್ಲ. 1896ರ ಶಾಸನದಿಂದ ಹವಾಯಿಯ ಶಾಲೆಗಳಲ್ಲಿ ಇಂಗ್ಲಿಷೇ ಬೋಧನಭಾಷೆಯಾಯಿತು. ದೇಶಭಾಷೆಯು ಮಕ್ಕಳ ನಾಲಗೆಯಿಂದ ಕ್ರಮೇಣ ಜಾರಿತು. 1978ರಲ್ಲಿ ಅದಕ್ಕೆ ಮತ್ತೆ ಅಧಿಕೃತ ಸ್ಥಾನವು ದೊರೆಯುವ ವೇಳೆಗೆ, ಅದನ್ನು ಮಾತೃಭಾಷೆಯಾಗಿ ಆಡುವವರು ವಿರಳರಾಗಿದ್ದರು. ಹಳೆಯ ಮುದ್ರಿತ ಗೀತಗಳಲ್ಲಿ ಸ್ವರಾಕ್ಷರಗಳ ಹ್ರಸ್ವದೀರ್ಘಭೇದವನ್ನು ಸಾಮಾನ್ಯವಾಗಿ ಗುರುತಿಸಿಲ್ಲ. ಹಳೆಯ ಕನ್ನಡ ಲಿಪಿಯಲ್ಲಿ ಎಕಾರ ಒಕಾರಗಳ ಹ್ರಸ್ವದೀರ್ಘಗಳನ್ನು ಬೇರ್ಪಡಿಸದಿದ್ದುದನ್ನು ಬಲ್ಲವರು ಈ ಕಷ್ಟವನ್ನು ಅರಿಯಬಲ್ಲರು. ಮಾತ್ರೆಯು ಬದಲಾದರೆ ಪದವೇ ಬದಲಾಗುವುದು. ‘ಕಓನ’ವೆಂದು ಕರೆಯಲ್ಪಡುವ ಗೂಢಾರ್ಥವೇ ಪ್ರಾಣವಾಗಿರುವ ಕಾವ್ಯದಲ್ಲಿ ಇದು ಅಲ್ಪನಷ್ಟವಲ್ಲ. ಗಾಯಕನ ಉಚ್ಚಾರಣೆಯನ್ನೂ, ಅದನ್ನು ಅನುಸರಿಸುವ ಗಿಟಾರಿನ ಎಳೆತವನ್ನೂ ಉಳಿಸಿರುವ ತಟ್ಟೆಯು ಇಲ್ಲಿ ನಿಘಂಟಿಗೂ ಸಹಾಯಕವಾಗುತ್ತದೆ.

ಕಿವಿಯಿಂದ ಕಲಿತ ಪಾಠವನ್ನು ಮೂಲಕರ್ತನ ಮುಂದಿಟ್ಟು ಪರೀಕ್ಷಿಸುವ ಭಾಗ್ಯವು ಸಂಪಾದಕರಿಗೆ ಅಪರೂಪ. ಅಂತಹ ನಿದರ್ಶನವೊಂದು ಇಲ್ಲಿದೆ. 1908ರಲ್ಲಿ ಸಮೋವಾದಲ್ಲಿ ಹುಟ್ಟಿ ಲಾಇಯೆಯಲ್ಲಿ ಬೆಳೆದ ಟಾವು ಮೋಎ, 1929ರಲ್ಲಿ ಟೋಕಿಯೋ ನಗರದಲ್ಲಿ ಮದಾಮ್ ರಿವಿಯೆರ್ ಎಂಬವಳ ಮೇಳದೊಡನೆ ತಟ್ಟೆಗಳಿಗೆ ನುಡಿಸಿದನು. ಅನಂತರ ಕುಟುಂಬಸಮೇತನಾಗಿ ದಶಕಗಳ ಕಾಲ ದೇಶಾಟನೆ ಮಾಡಿದನು. 1940ರ ದಶಕದಲ್ಲಿ ಕೆಲವು ವರ್ಷ ಕಲ್ಕತ್ತೆಯಲ್ಲಿಯೂ ನೆಲಸಿ, ಅಲ್ಲಿನವರಿಗೆ ಈ ವಾದನವನ್ನು ಕಲಿಸಿದನು. ಆ ಹಳೆಯ ತಟ್ಟೆಗಳನ್ನು ಕೇಳಿ ಮಟ್ಟುಗಳನ್ನು ಕಲಿತಿದ್ದ ಅಮೆರಿಕದ ವಾದಕ ಬಾಬ್ ಬ್ರೋಜ್‌ಮನ್ನನಿಗೆ, ಅವುಗಳಲ್ಲಿ ನುಡಿಸಿದವನು ಇನ್ನೂ ಜೀವಿಸಿರುವನೆಂಬುದು 1980ರ ದಶಕದಲ್ಲಿ ತಿಳಿಯಿತು. ಇಬ್ಬರೂ ಕೂಡಿ, ಮೋಎಯ ಪತ್ನಿ ರೋಸ್ ಮೊದಲಾದವರೊಡನೆ, ಆ ಗೀತಗಳನ್ನು ಪುನಃ ಹಾಡಿ ನುಡಿಸಿದುದು 1989ರಲ್ಲಿ ಪ್ರಕಟವಾಯಿತು. ಒಂದೇ ಮಟ್ಟಿಗೆ ಅರುವತ್ತು ವರ್ಷಗಳ ಅಂತರದ ಎರಡು ಸಾಕ್ಷ್ಯಗಳು ಹೀಗೆ ದೊರೆತವು. ಮೋಎ 2004ರಲ್ಲಿ ತೀರಿಕೊಂಡನು.

ಆ ತಲೆಮಾರು ಮುಗಿದ ಮೇಲೆ ತಟ್ಟೆಯನ್ನು ಪ್ರಶ್ನಿಸಬಹುದೇ ಹೊರತು ವಾದಕನನ್ನಲ್ಲ. ಆದುದರಿಂದ ಲಿಪಿಗಿಳಿಸುವವನು ಯಾವುದು ಕೇಳಿದುದು, ಯಾವುದು ಊಹಿಸಿದುದು, ತಟ್ಟೆಯನ್ನು ಯಾವ ವೇಗದಲ್ಲಿ ತಿರುಗಿಸಿದುದು, ಯಾವ ಶ್ರುತಿಕ್ರಮವನ್ನು ಅಂಗೀಕರಿಸಿದುದು ಎಂಬುದನ್ನು ಪ್ರತ್ಯೇಕವಾಗಿ ತಿಳಿಸುವುದು ಕರ್ತವ್ಯ. ಇಷ್ಟು ಮಾಡಿದ ಲಿಪಿಯು ಮೂಲದ ಸ್ಥಾನವನ್ನು ಆಕ್ರಮಿಸದೆ, ಓದುವವನನ್ನು ಮತ್ತೆ ಆ ನಾದದ ಕಡೆಗೇ ಕಳುಹಿಸುತ್ತದೆ.